ಕೆಸಿಕೆ ಕೊಟ್ಟ ಪದ

ಫುವಾ ಸತ್ತದ್ದು ಗುರುವಾರ ಬೆಳಿಗ್ಗೆ, ನನ್ನ ಚಿಕಿತ್ಸಾ ಕೇಂದ್ರದಲ್ಲಿದ್ದ ಒಂದೇ ಒಂದು ಮಂಚದ ಮೇಲೆ. ಇಪ್ಪತ್ತೆರಡರ ಗಟ್ಟಿ ಆಳು, ಕಣಿವೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಮಲೇರಿಯಾ ಮಿದುಳಿಗೇರಿತ್ತು. ಜ್ವರ ಬಂದ ದಿನವೇ ಕರೆತಂದಿದ್ದರೆ ಬದುಕುತ್ತಿದ್ದ. ಅವನನ್ನು ಮೂರು ದಿನ ಪ್ರಾರ್ಥನಾ ಮನೆಯಲ್ಲಿ ಉಪವಾಸ ಮಲಗಿಸಿ, ಸುತ್ತ ಕೂತು ಹಾಡಿ, ಮಾತು ನಿಂತುಹೋದ ಮೇಲೆ ಹಲಗೆಯ ಮೇಲೆ ಹೊತ್ತು ತಂದರು. ನಾನು ಸೂಜಿ ಚುಚ್ಚುವಷ್ಟರಲ್ಲಿ ಉಸಿರು ಹೋಯಿತು.

ಅವನ ಅಪ್ಪ ಗಿಸೊಕ್ ನಮ್ಮ ಕಣಿವೆಯ ಕೌನ್ಸಿಲರ್. ಗೋಡೆಗೆ ಒರಗಿ ಕುಳಿತು ಕೇಳಿದ: "ಏನಾಗಿತ್ತು ಡಾಕ್ಟ್ರೇ?"

ನಾನು ಡಾಕ್ಟರಲ್ಲ. ಆರು ತಿಂಗಳ ತರಬೇತಿ ಮುಗಿಸಿ ಕಡಲ ಕಡೆಯಿಂದ ಬಂದ ಸರ್ಕಾರಿ ಆರೋಗ್ಯ ಕಾರ್ಯಕರ್ತ. ಆದರೆ ಹದಿನೆಂಟು ವರ್ಷಗಳಿಂದ ಎಲ್ಲರೂ ಹಾಗೇ ಕರೆಯುತ್ತಾರೆ. "ಮಲೇರಿಯಾ," ಎಂದೆ. "ತಡ ಆಯ್ತು" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಪಾಸ್ಟರ್ ಎಸ್ರೋಮ್ ನಿಂತಿದ್ದ. ಆ ಮಾತನ್ನು ನುಂಗಿಕೊಂಡೆ. ಆಮೇಲೆ ಆದದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಯಾರಾದರೂ ಕೇಳಿದರೆ, ಅಷ್ಟು.

ಎಸ್ರೋಮ್ ಇದೇ ಕಣಿವೆಯವನು. ಲಾಯೆ ಪಟ್ಟಣದಲ್ಲಿ ಹತ್ತು ವರ್ಷ ಇದ್ದು, ಎರಡು ವರ್ಷದ ಹಿಂದೆ ಧ್ವನಿವರ್ಧಕ, ಜನರೇಟರು ಮತ್ತು 'ಅಕ್ಷರ ಸಭೆ' ಎಂಬ ಹೊಸ ಪಂಗಡದೊಂದಿಗೆ ಮರಳಿದ. ದೇವರ ಪುಸ್ತಕದ ಒಂದೊಂದು ಅಕ್ಷರವೂ ದೇವರ ಬಾಯಿಂದಲೇ ಬಿದ್ದದ್ದು, ಒಂದನ್ನು ಬಿಟ್ಟು ಒಂದನ್ನು ಪಾಲಿಸುವವನು ನರಕಕ್ಕೆ ಹೋಗುತ್ತಾನೆ ಎಂಬುದು ಅವನ ಬೋಧನೆ. ಮೊದಲು ಅಡಿಕೆ ಜಗಿಯುವುದು ನಿಂತಿತು. ಆಮೇಲೆ ಹಿರಿಯರ ಬಿದಿರು ಕೊಳಲುಗಳೆಲ್ಲ ನದಿ ಪಾಲಾದವು. ಆಮೇಲೆ ನನ್ನ ಮಾತ್ರೆಗಳು. ಹಳೆಯ ಚರ್ಚಿನ ಮುದಿ ಪಾದ್ರಿ ಸತ್ತ ಮೇಲೆ ಆ ಚರ್ಚಿನ ಗಂಟೆಯನ್ನೂ ಇವನೇ ಬಾರಿಸತೊಡಗಿದ. ಕೆಟ್ಟವನೇ ಎಂದು ಕೇಳಿದರೆ, ಅಲ್ಲ. ಕುಡುಕರನ್ನು ಬಿಡಿಸಿದ್ದ. ಹೆಂಡತಿಗೆ ಹೊಡೆಯುವವರ ಮನೆಗೆ ತಾನೇ ಹೋಗಿ ಅಂಗಳದಲ್ಲಿ ಕೂರುತ್ತಿದ್ದ. ತಾನು ಹೇಳಿದ್ದನ್ನು ಪೂರ್ತಿ ನಂಬಿದ್ದ. ನನಗೆ ಅವನ ಭಯವಿದ್ದದ್ದು ಅದಕ್ಕೇ.

ಫುವಾನನ್ನು ಶುಕ್ರವಾರ ಮಣ್ಣು ಮಾಡಿದರು. ಗುಂಡಿಯ ಪಕ್ಕ ನಿಂತು ಎಸ್ರೋಮ್ ಪುಸ್ತಕ ತೆರೆದ. ನಮ್ಮ ಕಣಿವೆಯ ಭಾಷೆಯಲ್ಲಿ ಅಚ್ಚಾಗಿರುವುದು ಅದೊಂದೇ ಪುಸ್ತಕ. ಸಾವಿನ ಹೊತ್ತಿಗೆ ಓದುವ ಸಮಾಧಾನದ ಮಾತುಗಳನ್ನು ಓದಿದ. ಆಮೇಲೆ ಹಾಳೆ ತಿರುವಿ ಹಿಂದಕ್ಕೆ ಹೋದ. ಹಳೆಯ ಪಾದ್ರಿ ನಲವತ್ತು ವರ್ಷ ಒಮ್ಮೆಯೂ ಓದದೆ ದಾಟಿ ಹೋಗುತ್ತಿದ್ದ ಪುಟವದು. ಅಲ್ಲಿನ ಒಂದು ಸಾಲನ್ನು ಎರಡು ಸಲ ಓದಿದ. ಹೊಫಾರೆಯಾದವಳನ್ನು ಜೀವಸಹಿತ ಉಳಿಸಬಾರದು ಎನ್ನುವ ಅರ್ಥದ ಸಾಲು.

ಯಾರೂ ಕುತ್ತಿಗೆ ತಿರುಗಿಸಲಿಲ್ಲ. ಆದರೆ ಎಲ್ಲರ ಕಣ್ಣೂ ಒಂದೇ ಕಡೆ ಹೋದದ್ದು ನನಗೆ ಕಂಡಿತು. ಅಲ್ಲಿ ಮೈನಾವೊ ನಿಂತಿದ್ದಳು. ಕಣಿವೆಯ ಭಾಷೆಯಲ್ಲಿ ಹೊಫಾರೆ ಎಂದರೆ ಎಲೆ ಬೇರು ಬಲ್ಲವಳು. ಹೆರಿಗೆ ಮಾಡಿಸುವವಳು, ಅಡ್ಡ ತಿರುಗಿದ ಮಗುವನ್ನು ಹೊಟ್ಟೆಯ ಮೇಲಿಂದಲೇ ನೆಟ್ಟಗೆ ಮಾಡುವವಳು, ಸತ್ತವರ ಕಣ್ಣು ಮುಚ್ಚಿಸುವವಳು. ಅಲ್ಲಿದ್ದ ಅರ್ಧ ಜನ ಮೈನಾವೊಳ ಕೈಯಲ್ಲಿ ಹುಟ್ಟಿದವರು. ಎಸ್ರೋಮನ ಇಬ್ಬರು ಹೆಣ್ಣುಮಕ್ಕಳೂ ಸೇರಿ. ಅವಳು ವಿಧವೆ, ಮಕ್ಕಳಿಲ್ಲ, ಅಣ್ಣನೊಬ್ಬ ಲಾಯೆಯಲ್ಲಿ. ಫುವಾನ ಕಣ್ಣು ಮುಚ್ಚಿಸಿದ್ದೂ ಅವಳೇ.

ಆ ಸಂಜೆ ಕೆಸಿಕೆ ನನ್ನ ಕೇಂದ್ರಕ್ಕೆ ಬಂದಳು. ಅರವತ್ತೈದು ದಾಟಿದ ಮುದುಕಿ, ಎಸ್ರೋಮನ ತಾಯಿಯ ಅಕ್ಕ. ತಾಯಿ ಬೇಗ ಸತ್ತಿದ್ದರಿಂದ ಅವನನ್ನು ಸಾಕಿದ್ದು, ಅಕ್ಷರ ಕಲಿಸಿದ್ದು ಇವಳೇ. ಇಡೀ ಕಣಿವೆಯಲ್ಲಿ ರಾಜಾರೋಷವಾಗಿ ಅಡಿಕೆ ಜಗಿಯುತ್ತಿದ್ದವಳು ಇವಳೊಬ್ಬಳೇ. ನಾನು ಮಂಚ ತೊಳೆಯುತ್ತಿದ್ದೆ. ಅವಳು ಹೆಣಿಗೆ ಚೀಲದಿಂದ ಒಂದು ದಪ್ಪ ನೋಟುಬುಕ್ಕು ತೆಗೆದಳು. ಬೈಂಡು ಗೆದ್ದಲು ಹಿಡಿದು ಹೋಗಿತ್ತು.

"ಡಾಕ್ಟ್ರೇ, ಕನ್ನಡಕ ಹಾಕ್ಕೊಂಡು ಇದನ್ನ ಓದು."

ದೇವರ ಪುಸ್ತಕವನ್ನು ಕಣಿವೆಯ ಭಾಷೆಗೆ ತಂದವಳು ಮಿಸ್ ಎಡ್ನಾ ಎಂಬ ಆಸ್ಟ್ರೇಲಿಯಾದ ಹೆಂಗಸು ಎಂದು ನನಗೆ ಗೊತ್ತಿತ್ತು. ಅವಳಿಗೆ ಭಾಷೆ ಕಲಿಸಿ, ಎಂಟು ವರ್ಷ ಎದುರು ಕೂತು ಒಂದೊಂದೇ ಪದ ಕೊಟ್ಟವಳು ಕೆಸಿಕೆ ಎಂದೂ ಹಳಬರು ಹೇಳುತ್ತಿದ್ದರು. ಅಚ್ಚಾದ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಮಿಸ್ ಎಡ್ನಾ ಊರಿಗೆ ಹೋಗುವಾಗ ನೋಟುಬುಕ್ಕುಗಳನ್ನು ಇವಳಿಗೆ ಬಿಟ್ಟುಹೋಗಿದ್ದಳು.

ಅವಳು ಬೆರಳಿಟ್ಟ ಜಾಗದಲ್ಲಿ ಆ ಸಾಲಿತ್ತು. ಮೊದಲು 'ಗೊರೊಂಬೆ' ಎಂದು ಬರೆದಿತ್ತು. ಅನ್ನದಲ್ಲಿ ವಿಷ ಹಾಕಿ ಕೊಲ್ಲುವವಳು ಎಂದರ್ಥ. ಅದರ ಮೇಲೆ ಗೀಟು ಎಳೆದು ಮೇಲುಗಡೆ 'ಹೊಫಾರೆ' ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ 'ಕೆಸಿಕೆ ಹೇಳಿದ್ದು' ಎಂದಿತ್ತು.

"ಗೊರೊಂಬೆ ಅಂತ ಹಳೇ ಪಾದ್ರಿ ಹೇಳಿದ್ರು," ಎಂದಳು. "ಅದೇ ಸರಿ ಇತ್ತು. ಮಿಸ್ ಎಡ್ನಾ ನನ್ನನ್ನೂ ಕೇಳಿದ್ಳು. ನಂಗೆ ಆಗ ಇಪ್ಪತ್ತೊಂದು. ಎರಡು ತಿಂಗಳ ಹಿಂದೆ ನನ್ನ ಮೊದಲ್ನೇ ಕೂಸು ಹುಟ್ತಾನೇ ಹೋಗಿತ್ತು. ಹೆರಿಗೆ ಮಾಡ್ಸಿದ್ದು ಮೈನಾವೊಳ ಅವ್ವ. ಅವಳದ್ದೇನೂ ತಪ್ಪಿರ್ಲಿಲ್ಲ, ಕರುಳಬಳ್ಳಿ ಕುತ್ತಿಗೆಗೆ ಸುತ್ಕೊಂಡಿತ್ತು. ಆದ್ರೆ ನಂಗೆ ಯಾರ ಮೇಲಾದ್ರೂ ಸಿಟ್ಟು ಬೇಕಿತ್ತು. ಗೊರೊಂಬೆ ಅಲ್ಲ ಮಿಸ್, ಹೊಫಾರೆ ಅಂತ ಬರೀ ಅಂದೆ. 'ಖಂಡಿತಾನಾ?' ಅಂದ್ಳು. ಖಂಡಿತಾ ಅಂದೆ."

ಅವಳು ಕಿಟಕಿಯಿಂದ ಹೊರಗೆ ಕೆಂಪಗೆ ಉಗಿದಳು.

"ಬರೆದ್ಳು. ಅಚ್ಚಾಯ್ತು. ನಲವತ್ನಾಲ್ಕು ವರ್ಷ ಆಯ್ತು. ಆ ಪುಟ ಯಾರೂ ತೆಗೀತಿರ್ಲಿಲ್ಲ, ಹಾಗೇ ಮರೆತಂಗಿದ್ದೆ."

"ಈಗೇನ್ಮಾಡ್ತೀರಿ?"

"ಹೇಳ್ತೀನಿ. ಇನ್ನೇನ್ಮಾಡ್ಲಿ?"

"ಬೇಡ ಅಮ್ಮಾ," ಎಂದೆ. "ಜನ ಈಗ ಸರಿಯಿಲ್ಲ. ಎರಡು ವಾರ ಹೋಗ್ಲಿ. ತಣ್ಣಗಾಗ್ಲಿ."

"ಎರಡು ವಾರ ಮೈನಾವೊ ಇರ್ತಾಳಾ?"

ಅವಳು ನೋಟುಬುಕ್ಕನ್ನು ಚೀಲಕ್ಕೆ ತುರುಕಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಮೈನಾವೊಳನ್ನು ಅವಳ ಗೆಣಸಿನ ತೋಟದಿಂದಲೇ ಹಿಡಿದು ತಂದರು. ಪ್ರಾರ್ಥನಾ ಮನೆಯ ಹಿಂದಿನ ಅಡುಗೆ ಗುಡಿಸಲಿನಲ್ಲಿ ಕಂಬಕ್ಕೆ ಕಟ್ಟಿದರು. ಫುಟ್‌ಬಾಲ್ ಮೈದಾನದಲ್ಲಿ ಸೌದೆ ಒಟ್ಟಿದರು. ಗೋಲು ಕಂಬದ ಬಳಿ ಬೆಂಕಿ ಹಚ್ಚಿ, ಅದರಲ್ಲಿ ಕಬ್ಬಿಣದ ಸಲಾಕೆಗಳನ್ನು ಇಟ್ಟರು. ಇದು ವಿಚಾರಣೆಗೆ, ಫುವಾನನ್ನು ಕೊಂದದ್ದು ತಾನೇ ಎಂದು ಅವಳಾಗಿ ಒಪ್ಪಿಕೊಂಡರೆ ಸಲಾಕೆ ಮುಟ್ಟಿಸುವುದಿಲ್ಲ ಎಂದು ಒಬ್ಬ ನನಗೆ ವಿವರಿಸಿದ. ಹಬ್ಬಕ್ಕೆ ಹಂದಿ ಸುಡುವ ಏರ್ಪಾಟು ಹೇಳುವಷ್ಟು ಸಹಜವಾಗಿ ಹೇಳಿದ. ಪೊಲೀಸ್ ಠಾಣೆಗೆ ರೇಡಿಯೊದಲ್ಲಿ ಕರೆದೆ. ಜೀಪಿಗೆ ಡೀಸೆಲ್ ಇಲ್ಲ, ಮಂಗಳವಾರ ನೋಡೋಣ ಎಂದರು.

ಜನ ಕೂಡಿದರು. ಹೆಂಗಸರು ಮಕ್ಕಳನ್ನೂ ಕರೆತಂದಿದ್ದರು. ಎಸ್ರೋಮ್ ಬಿಳಿ ಅಂಗಿ ತೊಟ್ಟು, ಧ್ವನಿವರ್ಧಕದಲ್ಲಿ ಆ ಸಾಲನ್ನು ಮತ್ತೆ ಓದಿದ. ಆಗ ಕೆಸಿಕೆ ಗುಂಪು ಸೀಳಿಕೊಂಡು ನಡುವೆ ಬಂದು ನಿಂತಳು.

"ಮಗಾ, ಹೊಫಾರೆ ಅಂತ ಓದಿದ್ಯಲ್ಲ. ಆ ಪದ ಯಾರು ಹೇಳಿದ್ದು?"

"ದೇವ್ರು, ದೊಡ್ಡಮ್ಮ."

"ದೇವ್ರಿಗೆ ನಮ್ಮ ಭಾಷೆ ಬರ್ತಿತ್ತಾ?"

"ದೇವ್ರಿಗೆ ಎಲ್ಲಾ ಭಾಷೆನೂ ಬರತ್ತೆ."

"ಹಾಗಾದ್ರೆ ಮಿಸ್ ಎಡ್ನಾ ನನ್ನನ್ಯಾಕೆ ಎಂಟು ವರ್ಷ ವರಾಂಡದಲ್ಲಿ ಕೂರಿಸ್ಕೊಂಡ್ಳು? ಟಿನ್ ಮೀನು ದಂಡಕ್ಕೆ ತಿನ್ಸಿದ್ಳಾ?"

ಹಿಂದೆ ಒಂದಿಬ್ಬರು ಕಿಸಕ್ಕೆಂದರು. ಕೆಸಿಕೆ ನಗಲಿಲ್ಲ. ನೋಟುಬುಕ್ಕು ಬಿಚ್ಚಿ ಎತ್ತಿ ಹಿಡಿದು, ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಕೂಸು ಸತ್ತದ್ದು, ಮೈನಾವೊಳ ತಾಯಿಯ ಮೇಲಿನ ಸಿಟ್ಟು, ಗೀಟು ಎಳೆಸಿದ್ದು. ಧ್ವನಿವರ್ಧಕವಿಲ್ಲದೆಯೂ ಅವಳ ದನಿ ಮೈದಾನದ ಅಂಚಿನ ತನಕ ಕೇಳಿಸಿತು.

"ನೀವು ದೇವರ ಮಾತು ಅಂತ ಹಿಡ್ಕೊಂಡು ನಿಂತಿರೋದು ದೇವ್ರದ್ದಲ್ಲ. ಇಪ್ಪತ್ತೊಂದರ ಹುಡುಗಿಯ ಹೊಟ್ಟೆಕಿಚ್ಚು. ನಂದು. ಸುಡೋದಾದ್ರೆ ನನ್ನ ನಾಲಿಗೆ ಸುಡಿ. ಅವಳನ್ನ ಬಿಡಿ."

ಒಬ್ಬ ಮುದುಕ ಟೋಪಿ ತೆಗೆದ. ಗೆದ್ದೆವು ಎಂದೇ ನಾನು ಅಂದುಕೊಂಡೆ. ಎಸ್ರೋಮ್ ನೋಟುಬುಕ್ಕು ಇಸಿದುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದ. ಆಮೇಲೆ ಜನರ ಕಡೆ ತಿರುಗಿದ.

"ಕೇಳಿದ್ರಾ? ಈ ಪುಸ್ತಕ ದೇವ್ರದ್ದಲ್ವಂತೆ. ನಿಮ್ಮ ಮದುವೇಲಿ ಓದಿದ್ದು, ನಿಮ್ಮ ಮಕ್ಕಳಿಗೆ ಹೆಸರಿಡೋವಾಗ ಓದಿದ್ದು, ನಿಮ್ಮ ಅಪ್ಪ ಅವ್ವನ್ನ ಮಣ್ಣು ಮಾಡೋವಾಗ ಓದಿದ್ದು, ಎಲ್ಲಾ ಈ ಮುದುಕಿಯ ಹೊಟ್ಟೆಕಿಚ್ಚಂತೆ."

"ಎಲ್ಲಾ ಅಂತ ನಾನೆಲ್ಲಿ ಅಂದೆ?"

"ಒಂದು ಪದ ಮನುಷ್ಯರದ್ದು ಅಂದ್ಮೇಲೆ ಉಳಿದಿದ್ದು ಯಾರದ್ದು ದೊಡ್ಡಮ್ಮ? ನೀನೇ ಹೇಳು!"

ಗಿಸೊಕ್ ಮುಂದೆ ಬಂದ. ಎರಡು ದಿನದಿಂದ ಅವನು ಏನೂ ತಿಂದಿರಲಿಲ್ಲ. "ಕೆಸಿಕೆ, ನಿನ್ನೆ ನನ್ನ ಮಗನ ಗುಂಡಿ ಹತ್ರ ಓದಿದ್ರಲ್ಲ, ಮತ್ತೆ ಎದ್ದು ಬರ್ತಾನೆ ಅಂತ. ಅದೂ ಸುಳ್ಳಾ? ಅದೂ ನೀನೇ ಬರೆಸಿದ್ದಾ?"

ಆ ಪ್ರಶ್ನೆಗೆ ಅವಳು ಬಾಯಿ ತೆರೆದಳು, ಮುಚ್ಚಿದಳು. ಮಗ ಸತ್ತವನ ಮುಖಕ್ಕೆ ಏನು ಹೇಳಬೇಕಿತ್ತು? ಅವಳು ತಡವರಿಸಿದ ಆ ಒಂದು ಗಳಿಗೆಯಲ್ಲಿ ಜನರ ಮುಖ ಬದಲಾದದ್ದನ್ನು ನಾನು ನೋಡಿದೆ. ಅವರಿಗೆ ಮೈನಾವೊ ಮರೆತೇ ಹೋದಳು. ತಮ್ಮ ಸತ್ತವರನ್ನೆಲ್ಲ ಒಬ್ಬಳು ಮುದುಕಿ ಇನ್ನೊಮ್ಮೆ ಕೊಂದಂತೆ ನೋಡಿದರು.

"ದೇವರ ಪುಸ್ತಕಕ್ಕೆ ಕೈ ಹಾಕೋ ಧೈರ್ಯ ಯಾರಿಗಿರತ್ತೆ?" ಎಂದು ಹಿಂದಿನಿಂದ ಒಂದು ಹೆಣ್ಣು ದನಿ ಕೂಗಿತು. "ಹೊಫಾರೆಗಲ್ದೆ?"

ಎಸ್ರೋಮ್ ನೋಟುಬುಕ್ಕನ್ನು ಬೆಂಕಿಗೆ ಹಾಕಿದ. ಒಂದು ಕಲ್ಲು ಬಂದು ಕೆಸಿಕೆಯ ಭುಜಕ್ಕೆ ಬಿತ್ತು. ಎರಡನೆಯದು ಹಣೆಗೆ. ನಾನು ಅವಳನ್ನು ತಬ್ಬಿ ಎಳೆದುಕೊಂಡು ಚಿಕಿತ್ಸಾ ಕೇಂದ್ರದ ಕಡೆ ಓಡಿದೆ. ಸರ್ಕಾರದ ಕಟ್ಟಡಕ್ಕೆ ಬೆಂಕಿ ಹಾಕೋಣ ಎಂದು ಯಾರೋ ಅಂದರು, ಯಾರೋ ತಡೆದರು. ಅವಳ ಮನೆಗೆ ಹಾಕಿದರು. ಹುಲ್ಲಿನ ಸೂರು, ಹೊತ್ತಿಕೊಳ್ಳಲು ಬಹಳ ಹೊತ್ತು ಬೇಕಾಗಲಿಲ್ಲ. ಉಳಿದ ಏಳು ನೋಟುಬುಕ್ಕುಗಳೂ ಅಲ್ಲೇ ಇದ್ದವು.

ಈ ಗಲಾಟೆಯಲ್ಲಿ, ಇದೇ ಕಣಿವೆಯ ಮಗಳಾದ ನನ್ನ ಹೆಂಡತಿ ಯೊಂಗೆ ಅಡುಗೆ ಗುಡಿಸಲಿಗೆ ಹಿಂದಿನಿಂದ ನುಗ್ಗಿ, ಗೆಣಸು ಹೆಚ್ಚುವ ಚಾಕುವಿನಿಂದ ಮೈನಾವೊಳ ಹಗ್ಗ ಕೊಯ್ದಿದ್ದಳು. ಕಾಫಿ ತೋಟಗಳ ಒಳಗೊಳಗೇ ಕರೆದುಕೊಂಡು ಹೋಗಿ ಮುಖ್ಯ ರಸ್ತೆ ಮುಟ್ಟಿಸಿ, ಲಾಯೆಗೆ ಹೋಗುವ ತರಕಾರಿ ಲಾರಿಗೆ ಹತ್ತಿಸಿ ಸಂಜೆಗೆ ವಾಪಸು ಬಂದಳು. ಕಾಲೆಲ್ಲ ಮುಳ್ಳು ಗೀರು. "ಒಂದು ಮಾತೂ ಆಡ್ಲಿಲ್ಲ ಅವಳು," ಎಂದಳು. "ದಾರಿ ತುಂಬಾ ನನ್ನ ಕೈ ಮಾತ್ರ ಬಿಡ್ಲಿಲ್ಲ."

ಕೆಸಿಕೆ ಐದು ದಿನ ನನ್ನ ಕೇಂದ್ರದ ಮಂಚದ ಮೇಲಿದ್ದಳು. ಹಣೆಗೆ ಆರು ಹೊಲಿಗೆ ಹಾಕಿದ್ದೆ. ಆ ಐದು ದಿನ ಒಬ್ಬ ರೋಗಿಯೂ ಬರಲಿಲ್ಲ. ನೀರಿನ ನಲ್ಲಿಯ ಬಳಿ ಯೊಂಗೆ ಹೋದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿಯುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮಂಗಳವಾರ ಪೊಲೀಸರು ಬಂದು, ಮರದ ನೆರಳಲ್ಲಿ ಎಳನೀರು ಕುಡಿದು, ದೂರು ಕೊಡುವವರಿದ್ದಾರಾ ಎಂದು ಕೇಳಿ ಹೋದರು. ನಾನು ಕೊಟ್ಟ ದೂರನ್ನು ಜೇಬಿಗಿಟ್ಟುಕೊಂಡರು.

ಬುಧವಾರ ಬೆಳಿಗ್ಗೆ ಗಿಸೊಕ್ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕುಳಿತ.

"ಡಾಕ್ಟ್ರೇ, ನಿಮ್ಮೂರು ಕಡಲ ಕಡೆ ಅಲ್ವಾ? ನಿಮ್ಮವ್ವ ಇದಾರಾ ಇನ್ನೂ?"

"ಇದಾರೆ."

"ನೋಡ್ಕೊಂಡ್ ಬನ್ನಿ. ನಾಳೆ ನನ್ನ ಟ್ರಕ್ ಹೋಗತ್ತೆ. ನೀವೂ ಯೊಂಗೆನೂ ಹೋಗ್ಬನ್ನಿ. ಭಾನುವಾರದ ಹೊತ್ತಿಗೆ ನೀವು ಇಲ್ಲಿರೋದು ಬೇಡ."

"ಕೆಸಿಕೆ?"

ಅವನು ತನ್ನ ಅಂಗೈ ನೋಡಿಕೊಂಡ. "ಟ್ರಕ್ ಹಿಂದೆ ಏನು ತುಂಬಿದೀರಿ ಅಂತ ನಾನು ನೋಡೋದಿಲ್ಲ."

ಇಷ್ಟು ಹೇಳಿ ಎದ್ದು ಹೋದ. ಕೆಸಿಕೆ ಮೊದಲು ಒಪ್ಪಲಿಲ್ಲ. ನನ್ನ ಊರು ಬಿಟ್ಟು ನಾನೆಲ್ಲಿಗೆ ಹೋಗ್ಲಿ, ಹೊಡೆದ್ರೆ ಹೊಡೀಲಿ ಎಂದಳು. ಯೊಂಗೆ ಸಿಟ್ಟಿಗೆದ್ದು, "ನಿಮ್ಮನ್ನ ಹೊಡೆದ್ರೆ ಹೊಡೆದೋರು ನಮ್ಮ ಅಣ್ಣತಮ್ಮಂದ್ರೇ ಆಗ್ತಾರೆ. ಅವ್ರನ್ನಾದ್ರೂ ಕೊಲೆಗಾರ್ರು ಮಾಡ್ಬೇಡಿ," ಎಂದಾಗ ಒಪ್ಪಿದಳು.

ಗುರುವಾರ ಹೊರಟೆವು. ಹಿಂದೆ ಗೆಣಸಿನ ಮೂಟೆಗಳ ನಡುವೆ ಯೊಂಗೆ ಮತ್ತು ಕೆಸಿಕೆ. ನಾನು ಅವರ ಪಕ್ಕ ನಿಂತಿದ್ದೆ. ನದಿಯ ಸೇತುವೆಯ ಬಾಯಿಗೆ ಬಂದಾಗ ಅಡ್ಡಲಾಗಿ ಒಂದು ಮರದ ದಿಮ್ಮಿ ಬಿದ್ದಿತ್ತು. ಹತ್ತು ಹನ್ನೆರಡು ಜನ ಮಚ್ಚು ಹಿಡಿದು ನಿಂತಿದ್ದರು. ಎಲ್ಲರೂ ನನಗೆ ಹೆಸರು ಸಮೇತ ಗೊತ್ತಿದ್ದವರು. ಒಬ್ಬನ ಕಾಲಿನ ಹುಣ್ಣಿಗೆ ಹದಿನೈದು ದಿನ ಪಟ್ಟಿ ಕಟ್ಟಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಎಸ್ರೋಮ್ ಒಬ್ಬನೇ ಟ್ರಕ್ಕಿನ ಹತ್ತಿರ ಬಂದ. ಉಳಿದವರಿಗೆ ಅಲ್ಲೇ ಇರಲು ಕೈ ಮಾಡಿದ. ಐದು ದಿನದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಮೂಟೆಯ ಸಂದಿನಲ್ಲಿ ಕೂತಿದ್ದ ಕೆಸಿಕೆಯನ್ನು ಕಂಡು, ನನಗೂ ಕಷ್ಟದಿಂದ ಕೇಳಿಸುವಷ್ಟು ಮೆಲ್ಲಗೆ ಹೇಳಿದ:

"ದೊಡ್ಡಮ್ಮ. ಇನ್ನೆಷ್ಟು ಪದ ನಿಂದು?"

"ಎಲ್ಲಾನೂ ಮಗಾ."

"ಸುಳ್ಳು ಹೇಳ್ಬೇಡ."

"ಕ್ಷಮಿಸೋದು ಅನ್ನೋದಕ್ಕೆ ನಮ್ಮಲ್ಲಿ ಪದವೇ ಇರ್ಲಿಲ್ಲ, ನೆನಪಿಟ್ಕೋ. ತಲೆತಲಾಂತರದಿಂದ ಒಬ್ಬರನ್ನೊಬ್ಬರು ಕೊಂದ್ಕೊಂಡ್ ಬಂದೋರು ನಾವು, ಯಾಕೆ ಬೇಕಿತ್ತು? ಮಿಸ್ ಎಡ್ನಾ ಮೂರು ವಾರ ತಲೆ ಕೆಡಿಸ್ಕೊಂಡ್ಳು. ಒಂದಿನ ನಮ್ಮ ಹಂದಿ ಕಟ್ಟಿದ್ ಹಗ್ಗಕ್ಕೆ ಸಿಕ್ಕಿ ಒದ್ದಾಡ್ತಿತ್ತು. ನಾನು ಹೋಗಿ ಗಂಟು ಬಿಚ್ಚಿದೆ. ಬಂದು ಕೂತು, 'ಮಿಸ್, ಗಂಟು ಬಿಚ್ಚೋದು ಅಂತ ಬರೀ' ಅಂದೆ. ನೀನು ವಾರ ವಾರ ಮೈಕಲ್ಲಿ ಅಳ್ತಾ ಹೇಳ್ತೀಯಲ್ಲ, ಅದು ನನ್ನ ಹಂದಿ ಹಗ್ಗ. ಅದನ್ನ ದೇವ್ರು ಕೊಟ್ಟದ್ದು ಅಂತ ಬೇಕಾದ್ರೆ ಅಂದ್ಕೋ, ನಂಗೂ ಹಾಗೇ ಅನ್ಸತ್ತೆ ಒಂದೊಂದ್ಸಲ. ಆದ್ರೆ ಹೊಫಾರೆ ಅನ್ನೋ ಇನ್ನೊಂದು ಪದ ನಂದು. ಅದು ನಂಗೆ ಗೊತ್ತು."

ಎಸ್ರೋಮ್ ಟ್ರಕ್ಕಿನ ಪಕ್ಕದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನು ಅಳುತ್ತಾನೆ ಎಂದುಕೊಂಡೆ. ಅವಳ ಮಡಿಲಿಗೆ ಬೀಳುತ್ತಾನೆ ಎಂದೂ ಒಂದು ಗಳಿಗೆ ಅನಿಸಿತು. ಅವನು ಕೈ ಬಿಟ್ಟು ಹಿಂದಕ್ಕೆ ಸರಿದ.

"ನೀನು ಇಲ್ಲಿಗೆ ವಾಪಸ್ ಬರ್ಬಾರ್ದು," ಎಂದ. "ಬಂದ್ರೆ ನಾನೇ ಮಾಡ್ಬೇಕಾಗತ್ತೆ."

ದಿಮ್ಮಿ ಸರಿಸಿದರು. ಸೇತುವೆ ದಾಟುವಾಗ ಕೆಸಿಕೆ ತಲೆ ಎತ್ತಲಿಲ್ಲ.

ಲಾಯೆಯಲ್ಲಿ ಮೈನಾವೊ ತನ್ನ ಅಣ್ಣನ ಮನೆಯ ಹಿತ್ತಲ ಕೋಣೆಯಲ್ಲಿದ್ದಳು. ಕೆಸಿಕೆ ಅವಳ ಮುಂದೆ ಹೋಗಿ ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಮೈನಾವೊ ಕೇಳಿಸಿಕೊಂಡು, "ನಮ್ಮವ್ವ ಸಾಯೋ ತನಕ ನಿನ್ನ ಕೂಸಿನ ಮಾತೇ ಆಡ್ತಿದ್ಲು," ಎಂದಳು. "ಉಳಿಸೋಕಾಗ್ಲಿಲ್ಲ ಅಂತ. ನೀನು ಅವಳ ಹೆಸ್ರಿಗೆ ಹೀಗ್ಮಾಡಿದೀಯ ಅಂತ ಅವಳಿಗೆ ಗೊತ್ತಾಗ್ಲೇ ಇಲ್ಲ." ಆಮೇಲೆ, "ಪಕ್ಕದ ಕೋಣೆ ಖಾಲಿ ಇದೆ. ಇರು. ನನ್ನ ಹತ್ರ ಮಾತು ಮಾತ್ರ ಬೇಡ," ಎಂದಳು. ಇವತ್ತಿಗೂ ಹಾಗೇ ಇದ್ದಾರೆ. ಒಂದೇ ಒಲೆ. ಒಬ್ಬಳು ಬೇಯಿಸುತ್ತಾಳೆ, ಇನ್ನೊಬ್ಬಳು ತೊಳೆಯುತ್ತಾಳೆ, ಮಾತಿಲ್ಲ.

ಕೆಸಿಕೆ ಪುಸ್ತಕ ಅಚ್ಚು ಹಾಕಿಸುವ ಸಂಸ್ಥೆಗೆ ಕಾಗದ ಬರೆದಳು. ಮುಂದಿನ ಮುದ್ರಣದಲ್ಲಿ ಆ ಒಂದು ಪದ ತೆಗೆದು ಗೊರೊಂಬೆ ಎಂದು ಹಾಕಿ, ಪುರಾವೆ ಸುಟ್ಟುಹೋಗಿದೆ, ನನ್ನ ಮಾತೇ ಪುರಾವೆ ಎಂದು. ನಾನೇ ಅಂಚೆಗೆ ಹಾಕಿದೆ. ಐದು ತಿಂಗಳ ಮೇಲೆ ಬಹಳ ಮರ್ಯಾದೆಯ ಉತ್ತರ ಬಂತು. ನಿಮ್ಮ ಸೇವೆ ಸ್ಮರಣೀಯ. ಆದರೆ ಅನುವಾದ ತಿದ್ದಬೇಕಾದರೆ ಆ ಭಾಷೆಯ ಸಭೆಯ ಲಿಖಿತ ಒಪ್ಪಿಗೆ ಬೇಕು. ಸಭೆಯ ಪರವಾಗಿ ಸಹಿ ಮಾಡಲು ಅಧಿಕಾರವಿರುವವರು ಪಾಸ್ಟರ್ ಎಸ್ರೋಮ್, ದಯವಿಟ್ಟು ಅವರನ್ನು ಸಂಪರ್ಕಿಸಿ. ನಾನು ಓದಿ ಹೇಳಿದೆ. ಅವಳು ಕಾಗದ ಇಸಿದುಕೊಂಡು, ಅಕ್ಷರದ ಮೇಲೆಲ್ಲ ಒಮ್ಮೆ ಕೈಯಾಡಿಸಿ, ಮಡಿಸಿಟ್ಟಳು.

ನನ್ನ ಕೇಂದ್ರವನ್ನು ಸರ್ಕಾರ ಮುಚ್ಚಿತು. ಈಗ ನನಗೆ ಲಾಯೆಯ ಆಸ್ಪತ್ರೆಯಲ್ಲಿ ಕೆಲಸ. ಕಣಿವೆಯ ಟ್ರಕ್ಕುಗಳು ಬಂದು ನಿಲ್ಲುವ ಮಾರುಕಟ್ಟೆ ದಾರಿಯಲ್ಲೇ ಸಿಗುತ್ತದೆ. ಹೋದ ಮಂಗಳವಾರ ಗೆಣಸಿನ ಮೂಟೆಗಳ ಹಿಂದಿನಿಂದ ಇಬ್ಬರು ಹೆಂಗಸರು ಇಳಿದರು. ಒಬ್ಬಳ ತೋಳಿಗೆ ಬಾಳೆ ಎಲೆ ಕಟ್ಟಿತ್ತು, ಕೆಳಗೆ ಸುಟ್ಟ ಗಾಯ. ನನ್ನ ಗುರುತು ಹಿಡಿದು, ಕೆಸಿಕೆ ಇರೋ ಮನೆ ಎಲ್ಲಿ ಎಂದು ಕೇಳಿದಳು. ದಾರಿ ತೋರಿಸುತ್ತಾ, ಈ ಸಲ ಊರಲ್ಲಿ ಯಾರು ಸತ್ತರು ಎಂದು ಕೇಳಿದೆ.

"ಯಾರೂ ಸತ್ತಿಲ್ಲ ಡಾಕ್ಟ್ರೇ," ಎಂದಳು. "ಈಗ ಒಬ್ಬಳನ್ನ ಹೊಫಾರೆ ಅನ್ನೋಕೆ ಯಾರೂ ಸಾಯ್ಬೇಕಾಗಿಲ್ಲ."